ಹಂದಿಯ ಮೇಲೆ ಕಲಿತ ಕೈ, ಗೊಂಬೆಯ ಮೇಲೆ ಕಲಿತ ಕೈ

ಪ್ರಶ್ನೆ: ನಾನು ನಿವೃತ್ತ ಹವಾಲ್ದಾರ್, ಕೊಡಗಿನ ಪೊನ್ನಂಪೇಟೆ ಕಡೆಯವನು. ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿದ್ದೆ. ಅಲ್ಲಿ ನನ್ನ ಜೊತೆಗಾರನೊಬ್ಬ ತೊಡೆಗೆ ಗುಂಡು ಬಿದ್ದು ನನ್ನ ಕಣ್ಣೆದುರೇ ಪ್ರಾಣ ಬಿಟ್ಟ. ಈಗ ಮೊಮ್ಮಗ ಸೇನೆಗೆ ನರ್ಸಿಂಗ್ ಅಸಿಸ್ಟೆಂಟ್ ಆಗಿ ಆಯ್ಕೆಯಾಗಿದ್ದಾನೆ. ಹೊರದೇಶಗಳಲ್ಲಿ ಇಂಥವರಿಗೆ ಹಂದಿ, ಆಡುಗಳಿಗೆ ಅರಿವಳಿಕೆ ಕೊಟ್ಟು, ಗಾಯ ಮಾಡಿ, ಆ ಗಾಯದ ಮೇಲೆ ಚಿಕಿತ್ಸೆ ಕಲಿಸುತ್ತಾರಂತೆ. ಈಗ ಅದನ್ನು ಬಿಟ್ಟು ಗೊಂಬೆಗಳ ಮೇಲೆ ಕಲಿಸಬೇಕು ಎನ್ನುತ್ತಿದ್ದಾರಂತೆ. ಗೊಂಬೆಯ ಮೇಲೆ ಕಲಿತವನ ಕೈ ನಿಜವಾದ ರಕ್ತ ಕಂಡಾಗ ನಡುಗುವುದಿಲ್ಲವೇ? ನಾವು ಕಯ್ಲ್ ಪೊಳ್ದ್ (ನಮ್ಮ ಆಯುಧಪೂಜೆಯ ಹಬ್ಬ) ಬಂದರೆ ಹಂದಿ ಬೇಯಿಸಿ ತಿನ್ನುವ ಜನ. ಒಬ್ಬ ಯೋಧ ಬದುಕುವುದಾದರೆ ಒಂದು ಹಂದಿ ಸತ್ತರೆ ಏನು ತಪ್ಪು?

ಉತ್ತರ: ಹವಾಲ್ದಾರರೇ, ಹಂದಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಜೊತೆಗಾರನ ತೊಡೆಯ ಬಗ್ಗೆ ಮಾತಾಡಬೇಕು. ನಿಮ್ಮ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ ಎಂದು ನನಗನ್ನಿಸುತ್ತದೆ.

ತೊಡೆಸಂದಿನಿಂದ ಇಳಿಯುವ ದೊಡ್ಡ ಅಪಧಮನಿ ಹರಿದರೆ ಮನುಷ್ಯ ಮೂರರಿಂದ ಐದು ನಿಮಿಷದಲ್ಲಿ ಸಾಯಬಹುದು. ವಯಸ್ಕನ ಮೈಯಲ್ಲಿ ಇರುವುದೇ ಸುಮಾರು ಐದು ಲೀಟರ್ ರಕ್ತ. ಅದರಲ್ಲಿ ಅರ್ಧದಷ್ಟು ಹೋಗುವ ಹೊತ್ತಿಗೆ ಹೃದಯಕ್ಕೆ ಒತ್ತಲು ಸಾಕಷ್ಟು ರಕ್ತ ಉಳಿದಿರುವುದಿಲ್ಲ. ನಿಮ್ಮ ಕಾಲದಲ್ಲಿ ಪ್ರತಿ ಸೈನಿಕನ ಜೇಬಿನಲ್ಲಿ ಇದ್ದದ್ದು ಒಂದು ಫೀಲ್ಡ್ ಡ್ರೆಸಿಂಗ್, ಅಂದರೆ ಗಾಯಕ್ಕೆ ಕಟ್ಟುವ ಬ್ಯಾಂಡೇಜು. ಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿದರೆ ಕಾಲೇ ಹೋಗುತ್ತದೆ ಎಂಬ ಭಯವನ್ನು ನಮಗೆಲ್ಲರಿಗೂ ತುಂಬಲಾಗಿತ್ತು. ಹಾಗಾಗಿ ಆ ದಿನ ನಿಮ್ಮ ಕೈಯಿಂದ ಆಗಬಹುದಾದದ್ದು ಬಹಳ ಕಡಿಮೆ ಇತ್ತು. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಆ ಭಯವೇ ತಪ್ಪು ಎಂದು ತಿಳಿಯಲು ವೈದ್ಯಲೋಕಕ್ಕೆ ಇನ್ನೂ ಹದಿನೈದು ಇಪ್ಪತ್ತು ವರ್ಷ ಬೇಕಾಯಿತು. 2006ರಲ್ಲಿ ಬಾಗ್ದಾದಿನ ಒಂದು ಸೇನಾ ಆಸ್ಪತ್ರೆಗೆ ಬಂದ 232 ಗಾಯಾಳುಗಳ ಲೆಕ್ಕ ತೆಗೆದಾಗ, ರಕ್ತ ಸೋರಿ ಆಘಾತಕ್ಕೆ, ಅಂದರೆ ರಕ್ತದ ಒತ್ತಡ ಕುಸಿಯುವ ಸ್ಥಿತಿಗೆ, ಒಳಗಾಗುವ ಮೊದಲೇ ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಬಿಗಿದವರಲ್ಲಿ ನೂರಕ್ಕೆ 90 ಮಂದಿ ಉಳಿದಿದ್ದರು. ಆಘಾತಕ್ಕೆ ಒಳಗಾದ ಮೇಲೆ ಬಿಗಿದವರಲ್ಲಿ ಉಳಿದದ್ದು ನೂರಕ್ಕೆ 10. ಟೂರ್ನಿಕೆಟ್ ಬಿಗಿದ ಕಾರಣಕ್ಕೇ ಕೈ ಅಥವಾ ಕಾಲು ಕಳೆದುಕೊಂಡವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಇನ್ನೊಂದು ದೊಡ್ಡ ಲೆಕ್ಕವಿದೆ. 2001ರಿಂದ 2011ರವರೆಗೆ ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಸತ್ತ 4,596 ಅಮೆರಿಕನ್ ಸೈನಿಕರ ಸಾವಿನ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ನೂರಕ್ಕೆ 87 ಮಂದಿ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಿದ್ದರು. ಹಾಗೆ ಸತ್ತವರಲ್ಲಿ ಸುಮಾರು ಕಾಲು ಭಾಗದವರನ್ನು ಉಳಿಸುವ ಸಾಧ್ಯತೆ ಇತ್ತು. ಆ ಕಾಲು ಭಾಗದಲ್ಲಿ ನೂರಕ್ಕೆ 90ರಷ್ಟು ಸಾವಿಗೆ ಕಾರಣ ರಕ್ತಸ್ರಾವ. ನಿಮ್ಮ ಮೊಮ್ಮಗ ಮಾಡಬೇಕಾದ ಕೆಲಸ ಇರುವುದು ಈ ಜಾಗದಲ್ಲಿ. ರಕ್ತ ನಿಲ್ಲಿಸುವುದು, ಉಸಿರಿನ ದಾರಿ ತೆರೆಯುವುದು, ಎದೆಗೂಡಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡುವುದು. ಕೈಗೆ ಬರಬೇಕಾದ ವಿದ್ಯೆಗಳು ಬಹಳ ಇಲ್ಲ. ಆದರೆ ಕತ್ತಲಲ್ಲಿ, ಗದ್ದಲದಲ್ಲಿ, ತನ್ನ ಎದೆಯೇ ಡವಗುಟ್ಟುತ್ತಿರುವಾಗ ಅವು ಕೈಗೆ ಬರಬೇಕು. ಹಂದಿಯೋ ಗೊಂಬೆಯೋ ಎಂಬ ಪ್ರಶ್ನೆಯನ್ನು ನಾನು ಅಳೆಯುವುದು ಇದೊಂದೇ ಅಳತೆಗೋಲಿನಿಂದ: ಯಾವುದರಿಂದ ಆ ಹುಡುಗನ ಕೈ ಪಳಗುತ್ತದೆ?

ಹಂದಿಯ ಪರವಾಗಿ ಮಾತಾಡುವವರು ಕಟುಕರೇನಲ್ಲ. ಅವರಲ್ಲಿ ಹಲವರು ನಿಮ್ಮಂತೆಯೇ ಜೊತೆಗಾರನನ್ನು ಕಳೆದುಕೊಂಡವರು. ಬಿಸಿ ರಕ್ತ ಬೆರಳಿನ ಮೇಲೆ ಹರಿದಾಗ ಆಗುವ ಅನುಭವ ರಬ್ಬರಿನಿಂದ ಸಿಗದು, ತಾನು ತಪ್ಪಿದರೆ ಒಂದು ಜೀವ ಹೋಗುತ್ತದೆ ಎಂಬ ಭಾರವೂ ಸಿಗದು ಎಂಬುದು ಅವರ ವಾದ. ಅದರಲ್ಲಿ ಸತ್ಯವಿದೆ. ಎರಡೂ ಬಗೆಯ ತರಬೇತಿ ಪಡೆದವರನ್ನು ಕೇಳಿದಾಗ ಪ್ರಾಣಿಯ ಮೇಲಿನ ಪಾಠವೇ ಹೆಚ್ಚು ನಿಜವೆನಿಸಿತು ಎಂದು ಹೇಳಿದವರು ಇದ್ದಾರೆ. ಆದರೆ ನಿಜವೆನಿಸುವುದು ಬೇರೆ, ಸರಿಯಾದದ್ದನ್ನು ಕಲಿಯುವುದು ಬೇರೆ.

ನಿಮ್ಮ ಗಂಟಲಿನ ಮೇಲೆ ಬೆರಳಿಟ್ಟು ನೋಡಿ. ಮುಂದೆ ಉಬ್ಬಿಕೊಂಡಿರುವ ಗಟ್ಟಿ ಭಾಗ ಸಿಗುತ್ತದೆ. ಬೆರಳನ್ನು ಹಾಗೆಯೇ ಕೆಳಗೆ ಜಾರಿಸಿದರೆ ಬೆರಳ ತುದಿ ಕೂರುವಷ್ಟೇ ಅಗಲದ ಒಂದು ಮೆತ್ತನೆಯ ತಗ್ಗು, ಅದರ ಕೆಳಗೆ ಮತ್ತೆ ಗಟ್ಟಿಯಾದ ಉಂಗುರ. ಮುಖ ಛಿದ್ರವಾಗಿ ಬಾಯಿಂದಲೂ ಮೂಗಿನಿಂದಲೂ ಉಸಿರು ಹೋಗದಿದ್ದಾಗ ಆ ತಗ್ಗಿನಲ್ಲಿ ಕೊಯ್ದು ಕೊಳವೆ ತೂರಿಸಬೇಕು. ಹಂದಿಗೆ ಅಲ್ಲಿ ಇಂಥ ಉಬ್ಬು ಕೈಗೆ ಸಿಗುವುದಿಲ್ಲ. ಅದರ ಕತ್ತು ಗಿಡ್ಡ, ಕೊಬ್ಬು ದಪ್ಪ, ಶ್ವಾಸನಾಳ ಬಹಳ ಒಳಗೆ. ನಾನು ವೈದ್ಯಕೀಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಈ ಕ್ರಿಯೆಯನ್ನು ಕಲಿತದ್ದು ಒಂದು ನಾಯಿಯ ಮೇಲೆ. ಆಗ ಅದೇ ರೂಢಿಯಾಗಿತ್ತು. ನಾಯಿಯ ಕತ್ತು ಉದ್ದ, ಚರ್ಮ ಸಡಿಲ, ಶ್ವಾಸನಾಳ ಕೈಗೆ ತಾನಾಗಿ ಸಿಗುತ್ತದೆ. ಎರಡು ವರ್ಷದ ನಂತರ, ಸ್ಫೋಟದಲ್ಲಿ ದವಡೆ ಹೋಗಿದ್ದ ಒಬ್ಬ ಹುಡುಗನ ಗಂಟಲಿನ ಮೇಲೆ ಕೈಯಿಟ್ಟಾಗ ನನ್ನ ಬೆರಳು ಹುಡುಕಿದ್ದು ಆ ನಾಯಿಯ ಗಂಟಲನ್ನು. ಸಿಗಲಿಲ್ಲ. ಎಷ್ಟು ಸೆಕೆಂಡುಗಳು ಹೋದವು ಎಂದು ನಾನು ಎಣಿಸಿಲ್ಲ. ಪಕ್ಕದಲ್ಲಿದ್ದ ಹಿರಿಯ ಅರಿವಳಿಕೆ ತಜ್ಞರು ನನ್ನ ಬೆರಳನ್ನು ಹಿಡಿದು ಅರ್ಧ ಇಂಚು ಮೇಲಕ್ಕೆ ಸರಿಸಿದರು. ಹುಡುಗ ಉಳಿದ. ಆ ಅರ್ಧ ಇಂಚು ಇವತ್ತಿಗೂ ನನ್ನ ಬೆರಳ ತುದಿಯಲ್ಲಿದೆ.

ಎದೆಯ ವಿಚಾರವೂ ಹೀಗೆಯೇ. ಶ್ವಾಸಕೋಶ ತೂತಾಗಿ ಎದೆಗೂಡಿನಲ್ಲಿ ಗಾಳಿ ಒತ್ತಿಕೊಂಡರೆ ಸುಮಾರು 8 ಸೆಂಟಿಮೀಟರ್ ಉದ್ದದ ದಪ್ಪ ಸೂಜಿಯನ್ನು ಪಕ್ಕೆಲುಬುಗಳ ನಡುವೆ ಚುಚ್ಚಿ ಆ ಗಾಳಿಯನ್ನು ಬಿಡಬೇಕು. ಎಲ್ಲಿ ಚುಚ್ಚಬೇಕು ಎಂಬುದೇ ಇಲ್ಲಿನ ವಿದ್ಯೆ. ಕೊರಳೆಲುಬಿನ ನಡುಭಾಗದಿಂದ ನೇರ ಕೆಳಗೆ ಎರಡನೆಯ ಸಂದು, ಇಲ್ಲವೇ ಕಂಕುಳಿನ ಮುಂದಿನ ಅಂಚಿನಿಂದ ಇಳಿದು ಐದನೆಯ ಸಂದು. ಗಾಬರಿಯಲ್ಲಿ ಕೈ ಎದೆಯ ಮಧ್ಯಕ್ಕೆ ಸರಿಯಿತೋ, ಸೂಜಿಯ ಮುಂದೆ ಹೃದಯವಿರುತ್ತದೆ. ಆಡಿನ ಎದೆ ನಮ್ಮಂತೆ ಅಗಲವಾಗಿ ಚಪ್ಪಟೆಯಾಗಿಲ್ಲ. ದೋಣಿಯ ಅಡಿಯಂತೆ ಇಕ್ಕಟ್ಟಾಗಿ ಕೆಳಗೆ ಚೂಪಾಗಿದೆ. ನಮಗೆ 12 ಜೊತೆ ಪಕ್ಕೆಲುಬು, ಆಡಿಗೆ 13, ಹಂದಿಗೆ 14 ಅಥವಾ 15. ಎಣಿಸಿ ಜಾಗ ಹುಡುಕುವ ಪಾಠವನ್ನು ಬೇರೆ ಲೆಕ್ಕದ ಎದೆಗೂಡಿನ ಮೇಲೆ ಹೇಗೆ ಕಲಿಸುವುದು?

ಇನ್ನು ರಕ್ತಕ್ಕೆ ಬನ್ನಿ, ಏಕೆಂದರೆ ಹಂದಿಯ ಪರವಾದ ವಾದವೆಲ್ಲ ನಿಂತಿರುವುದು ರಕ್ತದ ಮೇಲೆ. ಹಂದಿಯ ರಕ್ತ ಮನುಷ್ಯನ ರಕ್ತಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ. ಅದರ ಗುಲ್ಮ ಸಂಕೋಚಗೊಂಡು ತನ್ನಲ್ಲಿ ಕೂಡಿಟ್ಟ ರಕ್ತವನ್ನು ಮೈಗೆ ಮರಳಿ ತುಂಬುತ್ತದೆ. ಮನುಷ್ಯನಲ್ಲಿ ಆ ಅನುಕೂಲ ಅಷ್ಟಿಲ್ಲ. ಹಂದಿಯ ಮೇಲೆ ರಕ್ತ ನಿಲ್ಲಿಸಿ ಗೆದ್ದವನಿಗೆ ತನ್ನ ಕೈಯ ಮೇಲೆ ಹುಟ್ಟುವ ಭರವಸೆಯಲ್ಲಿ ಹಂದಿಯ ಮೈಗುಣದ ಪಾಲೂ ಸೇರಿರುತ್ತದೆ. ಟೂರ್ನಿಕೆಟ್ ಮಾತಂತೂ ಕೇಳುವುದೇ ಬೇಡ. ಹಂದಿಯ ಕಾಲು ಮೇಲೆ ದಪ್ಪ, ಕೆಳಗೆ ಸಣ್ಣ, ಒಟ್ಟಿನಲ್ಲಿ ಗಿಡ್ಡ. ಪಟ್ಟಿ ಜಾರುತ್ತದೆ. ಮನುಷ್ಯನ ತೊಡೆ ಹೇಗಿರುತ್ತದೆ ಎಂದು ತಿಳಿಯಲು ಮನುಷ್ಯನ ತೊಡೆಯೇ ಬೇಕು, ಮತ್ತು ಅದು ಪ್ರತಿಯೊಬ್ಬ ಸೈನಿಕನ ಬಳಿಯೂ ಇದೆ. ತನ್ನ ತೊಡೆಗೆ ತಾನೇ ಬಿಗಿದುಕೊಂಡು, ಮೊಣಕಾಲ ಹಿಂದಿನ ನಾಡಿ ನಿಲ್ಲುವವರೆಗೆ ಪಟ್ಟಿ ಬಿಗಿಸುವ ಕಡ್ಡಿ ತಿರುಗಿಸಿ, ಆ ನೋವು ಎಷ್ಟೆಂದು ತಿಳಿದವನು ಮುಂದೆ ಗಾಯಾಳು ಬಿಡಿ ಬಿಡಿ ಎಂದು ಕೂಗಿದಾಗ ಕೈ ಸಡಿಲ ಬಿಡುವುದಿಲ್ಲ.

ಒಂದು ಪ್ರಾಣಿ ಎಂದರೆ ಒಂದೇ ಅವಕಾಶ ಎಂಬುದನ್ನೂ ನೋಡಬೇಕು. ಒಂದು ಆಡಿನ ಸುತ್ತ ಹಲವು ವಿದ್ಯಾರ್ಥಿಗಳು ನಿಂತಿರುತ್ತಾರೆ. ಒಬ್ಬ ಗಂಟಲು ಕೊಯ್ದ, ಇನ್ನೊಬ್ಬ ಎದೆಗೆ ಚುಚ್ಚಿದ, ಮೂರನೆಯವನು ನೋಡಿದ. ತಪ್ಪಿದವನಿಗೆ ಮತ್ತೆ ಮಾಡು ಎಂದು ಹೇಳಲು ಅದೇ ಜಾಗ ಉಳಿದಿರುವುದಿಲ್ಲ. ಗೊಂಬೆಯ ಚರ್ಮ ಬದಲಿಸಿ ಹನ್ನೆರಡನೆಯ ಸಲ ಮಾಡಿಸಬಹುದು. ನೀವು ರೈಫಲ್ ಬಿಚ್ಚಿ ಜೋಡಿಸಲು ಕಲಿತದ್ದು ಹೇಗೆ? ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಷ್ಟು ಸಲ?

ಗೊಂಬೆ ಎಂಬ ಪದದ ಬಗ್ಗೆ ಒಂದು ಮಾತು. ಹೃದಯ ನಿಂತವನ ಎದೆ ಒತ್ತಿ ಬದುಕಿಸುವ ವಿಧಾನವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಮೂವರು 1960ರಲ್ಲಿ ಲೋಕಕ್ಕೆ ತಿಳಿಸಿದರು. ಅದು ಹೊಳೆದದ್ದು ನಾಯಿಗಳ ಮೇಲಿನ ಸಂಶೋಧನೆಯಲ್ಲಿ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಆ ವಿದ್ಯೆ ಕಲಿಸಲು ಮನುಷ್ಯನ ಗಾತ್ರದ ಒಂದು ಗೊಂಬೆ ಮಾಡಿದರು. ಅಲ್ಲಿಂದಾಚೆಗೆ ಲೋಕದ ಕೋಟ್ಯಂತರ ಜನ ಎದೆ ಒತ್ತುವುದನ್ನು ಕಲಿತದ್ದು ಗೊಂಬೆಯ ಮೇಲೆಯೇ. ಗೊತ್ತಿಲ್ಲದ್ದನ್ನು ಕಂಡುಹಿಡಿಯುವ ಕೆಲಸವೇ ಬೇರೆ, ಕಂಡುಹಿಡಿದಾಗಿರುವುದನ್ನು ಕೈಗೆ ಕಲಿಸುವ ಕೆಲಸವೇ ಬೇರೆ. ಮೊದಲನೆಯದರ ಬಗ್ಗೆ ಚರ್ಚೆ ಇನ್ನೂ ಇದೆ. ನೀವು ಕೇಳಿರುವುದು ಎರಡನೆಯದು.

ನಮ್ಮ ದೇಶದ ಕಾನೂನು ಈ ವ್ಯತ್ಯಾಸವನ್ನು ಅಂದೇ ಗುರುತಿಸಿತ್ತು. ಭರತನಾಟ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯೂ 1960ರದೇ. ಅದರ 17ನೆಯ ಕಲಮು ಓದಿದರೆ ನಿಮಗೇ ಅಚ್ಚರಿಯಾದೀತು. ಪುಸ್ತಕ, ಮಾದರಿ, ಚಲನಚಿತ್ರಗಳಂಥ ಸಾಧನಗಳಿಂದ ಅಷ್ಟೇ ಪ್ರಯೋಜನ ಸಿಗುವಲ್ಲಿ ವೈದ್ಯಕೀಯ ಶಾಲೆ, ಆಸ್ಪತ್ರೆ, ಕಾಲೇಜುಗಳು ಪ್ರಾಣಿಗಳ ಮೇಲಿನ ಪ್ರಯೋಗವನ್ನು ತಪ್ಪಿಸಬೇಕು ಎನ್ನುತ್ತದೆ. ಕೇವಲ ಕೈಚಳಕ ಸಂಪಾದಿಸುವುದಕ್ಕಾಗಿ ಸಾಧ್ಯವಾದಷ್ಟೂ ಪ್ರಯೋಗ ನಡೆಸಬಾರದು ಎಂದು ಇನ್ನೊಂದು ಉಪಕಲಮು ಸ್ಪಷ್ಟವಾಗಿ ಹೇಳುತ್ತದೆ. ಒಳ್ಳೆಯ ಮಾದರಿಗಳೇ ಇಲ್ಲದಿದ್ದ ಕಾಲದಲ್ಲಿ ಬರೆದ ಮಾತು ಅದು. ಕಾಲೇಜುಗಳು ಅದನ್ನು ಪಾಲಿಸಲು ಅರ್ಧ ಶತಮಾನ ತೆಗೆದುಕೊಂಡವು. ನಾನು ಓದುವಾಗ ಕಪ್ಪೆಯ ಮಿದುಳಿಗೆ ಸೂಜಿ ಚುಚ್ಚಿ, ಅದರ ಕಾಲಿನ ಸ್ನಾಯುವನ್ನು ಮಸಿ ಹಿಡಿಸಿದ ಡ್ರಮ್ಮಿಗೆ ಜೋಡಿಸಿ, ಬಿಳಿಯ ಗೀರು ಮೂಡುವುದನ್ನು ನೋಡುತ್ತಿದ್ದೆವು. ಆ ಗೀರು ಹೇಗಿರುತ್ತದೆ ಎಂಬುದು ಪುಸ್ತಕದಲ್ಲಿ ಮೊದಲೇ ಅಚ್ಚಾಗಿತ್ತು. ಈಗ ಎಂಬಿಬಿಎಸ್ ವಿದ್ಯಾರ್ಥಿಗಳು ಅದನ್ನು ಕಂಪ್ಯೂಟರಿನಲ್ಲಿ ನೋಡುತ್ತಾರೆ. 2019ರಿಂದ ಬಂದ ಹೊಸ ಪಠ್ಯಕ್ರಮದಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಸ್ಕಿಲ್ ಲ್ಯಾಬ್ (ಮಾದರಿಗಳ ಮೇಲೆ ಕೈಪಳಗಿಸುವ ಕೊಠಡಿ) ಕಡ್ಡಾಯ. ಮಡಿಕೇರಿಗೆ 2016ರಲ್ಲಿ ಕಾಲೇಜು ಬಂದ ಮೇಲೆ ನಮ್ಮ ಜಿಲ್ಲೆಯ ಮಕ್ಕಳಿಗೂ ಆ ಬಗೆಯ ಕಲಿಕೆ ಊರಲ್ಲೇ ಸಿಗುವಂತಾಗಿದೆ.

ಹೊರದೇಶಗಳ ಸುದ್ದಿ ಕೇಳಿದ್ದೀರಿ, ಚುಟುಕಾಗಿ ಹೇಳುತ್ತೇನೆ. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ನ್ಯಾಟೋ ಸೇನಾ ಕೂಟದ ಆಗಿನ 28 ದೇಶಗಳಲ್ಲಿ 22 ದೇಶಗಳು ಸೇನಾ ವೈದ್ಯಕೀಯ ತರಬೇತಿಗೆ ಪ್ರಾಣಿಗಳನ್ನು ಬಳಸುತ್ತಿರಲಿಲ್ಲ. ಬಳಸುವವರಲ್ಲಿ ಅಮೆರಿಕವೇ ದೊಡ್ಡದು. ಅದೇ ವರ್ಷ ಅಲ್ಲಿನ ಕರಾವಳಿ ರಕ್ಷಣಾ ಪಡೆಯ ತರಬೇತಿಯೊಂದರಲ್ಲಿ ಮರದ ಕೊಂಬೆ ಕತ್ತರಿಸುವ ಕತ್ತರಿಯಿಂದ ಆಡಿನ ಕಾಲು ಕತ್ತರಿಸುವ ವಿಡಿಯೊ ಹೊರಬಿದ್ದು ಜನ ಬೆಚ್ಚಿದರು. ಕೆಲವು ವರ್ಷಗಳಲ್ಲಿ ಆ ಪಡೆ ಪದ್ಧತಿಯನ್ನೇ ಕೈಬಿಟ್ಟಿತು. 2025ರ ಕೊನೆಯಲ್ಲಿ ಬಂದ ಅಮೆರಿಕದ ರಕ್ಷಣಾ ಕಾಯ್ದೆ ತರಬೇತಿಗಾಗಿ ಹಂದಿ, ಆಡುಗಳಿಗೆ ಗುಂಡು ಹೊಡೆಯುವುದನ್ನು ನಿಲ್ಲಿಸಿತು. ಬೇರೆ ಬಗೆಯಲ್ಲಿ ಗಾಯ ಮಾಡುವುದಕ್ಕೆ ಅಲ್ಲಿ ಇನ್ನೂ ಅವಕಾಶ ಉಳಿದಿದೆ. ಕೆಲಸ ಪೂರ್ತಿಯಾಗಿಲ್ಲ.

ಸೇನೆಗಿಂತ ಮೊದಲೇ ಈ ದಾರಿ ತುಳಿದವರು ನಾಗರಿಕ ವೈದ್ಯರು. 1976ರಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ತಜ್ಞ ತಾನೇ ಹಾರಿಸುತ್ತಿದ್ದ ಸಣ್ಣ ವಿಮಾನ ಅಮೆರಿಕದ ನೆಬ್ರಾಸ್ಕದ ಹೊಲವೊಂದರಲ್ಲಿ ಬಿದ್ದು ಹೆಂಡತಿಯನ್ನು ಕಳೆದುಕೊಂಡ. ಮಕ್ಕಳು ತೀವ್ರವಾಗಿ ಗಾಯಗೊಂಡರು. ಹಳ್ಳಿ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆ ನೋಡಿ ಆತ ತಲ್ಲಣಿಸಿದ. ಆ ನೋವಿನಿಂದ ಹುಟ್ಟಿದ ತರಬೇತಿಯೇ ಇಂದು ನಮ್ಮ ದೇಶದ ವೈದ್ಯರೂ ಕಲಿಯುವ ಎಟಿಎಲ್‌ಎಸ್, ಅಂದರೆ ತೀವ್ರ ಗಾಯಾಳುಗಳ ಪ್ರಾಣ ಉಳಿಸುವ ತರಬೇತಿ. ಅದರಲ್ಲಿ ಮೊದಲು ಶಸ್ತ್ರಕ್ರಿಯೆಯ ಪಾಠ ಪ್ರಾಣಿಗಳ ಮೇಲೆಯೇ ನಡೆಯುತ್ತಿತ್ತು. 2001ರಲ್ಲಿ ಟ್ರಾಮಾಮ್ಯಾನ್ ಎಂಬ ಮನುಷ್ಯನ ಮುಂಡದ ಮಾದರಿಗೆ ಒಪ್ಪಿಗೆ ಸಿಕ್ಕಿತು. ಚರ್ಮ, ಕೊಬ್ಬು, ಸ್ನಾಯು, ಪಕ್ಕೆಲುಬು ಪದರ ಪದರವಾಗಿ ಇರುವ ಮಾದರಿ ಅದು. ಕೊಯ್ದರೆ ರಕ್ತ ಬರುತ್ತದೆ, ಸರಿಯಾದ ಜಾಗಕ್ಕೆ ಸೂಜಿ ಹೋದರೆ ಗಾಳಿ ಬುಸ್ಸೆನ್ನುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ನಡುಗುವ ಕೈ.

ಕೈ ನಡುಗುತ್ತದೆ ಹವಾಲ್ದಾರರೇ. ಗೊಂಬೆಯ ಮೇಲೆ ಕಲಿತವನದೂ ನಡುಗುತ್ತದೆ, ಹಂದಿಯ ಮೇಲೆ ಕಲಿತವನದೂ ನಡುಗುತ್ತದೆ. ಅರಿವಳಿಕೆಯಲ್ಲಿ ಮಲಗಿದ ಹಂದಿ ಸುಮ್ಮನಿರುತ್ತದೆ. ಗಾಯಗೊಂಡ ಮನುಷ್ಯ ಕೂಗುತ್ತಾನೆ, ನಿಮ್ಮ ಹೆಸರು ಹಿಡಿದು ಕರೆಯುತ್ತಾನೆ, ಅವನ ಊರು ನಿಮಗೆ ಗೊತ್ತು. ಆ ಭಾರಕ್ಕೆ ಹಂದಿ ಸಿದ್ಧಪಡಿಸಲಾರದು. ಅದಕ್ಕೆ ಹತ್ತಿರ ಬರುವ ಒಂದು ಸಾಧನವಿದೆ. ಜೀವಂತ ಮನುಷ್ಯನೊಬ್ಬ ಅಂಗಿಯಂತೆ ತೊಟ್ಟುಕೊಳ್ಳುವ ಕೃತಕ ಮುಂಡ, ಕಟ್ ಸೂಟ್ ಎನ್ನುತ್ತಾರೆ. ಒಳಗೆ ಕೃತಕ ಅಂಗಾಂಗ, ಪಂಪಿನಿಂದ ಹರಿಯುವ ಕೃತಕ ರಕ್ತ. ನೀವು ಹೊಟ್ಟೆ ಕೊಯ್ಯುತ್ತಿರುವಾಗ ಅದನ್ನು ತೊಟ್ಟವನು ಅರಚುತ್ತಾನೆ, ಒದೆಯುತ್ತಾನೆ, ನಿಮ್ಮ ಕಾಲರ್ ಹಿಡಿಯುತ್ತಾನೆ. ಸುತ್ತ ಹೊಗೆ, ಸದ್ದು, ಕತ್ತಲು. ಇಂಥ ತರಬೇತಿ ಮುಗಿಸಿ ಬಂದವರ ಮುಖ ನೋಡಿದ್ದೇನೆ, ಗೊಂಬೆಯಾಟ ಮುಗಿಸಿ ಬಂದವರ ಮುಖ ಅದಾಗಿರಲಿಲ್ಲ. ಅದರ ಜೊತೆಗೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಿಜವಾದ ರಕ್ತದ ಬಿಸಿ, ವಾಸನೆ ತಿಳಿಯಬೇಕು. ದಾನವಾಗಿ ಬಂದ ದೇಹಗಳಿಗೆ ಪಂಪ್ ಜೋಡಿಸಿ ರಕ್ತನಾಳಗಳಲ್ಲಿ ದ್ರವ ಹರಿಸಿ ಕಲಿಸುವ ಕ್ರಮವೂ ಬಂದಿದೆ. ಮನುಷ್ಯನ ಮೈಯನ್ನು ಮನುಷ್ಯನೇ ಕಲಿಸಬೇಕು.

ಗೊಂಬೆ ತಂದಿಟ್ಟ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ, ಇದನ್ನೂ ಹೇಳದೆ ಹೋದರೆ ತಪ್ಪಾಗುತ್ತದೆ. ಹಲವು ಲಕ್ಷ ಕೊಟ್ಟು ತಂದ ಗೊಂಬೆ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಮಲಗಿರುವುದನ್ನು ನೋಡಿದ್ದೇನೆ. ಹಾಳಾದರೆ ಯಾರು ಉತ್ತರ ಕೊಡುವುದು ಎಂಬ ಭಯ. ಇನ್ನೊಂದು ರೋಗ ಎಲ್ಲ ಕಡೆಯೂ ಇದೆ. ವಿದ್ಯಾರ್ಥಿ ಬಂದು ಗೊಂಬೆಯ ಮುಂದೆ ನಿಂತು, ಗ್ಲೌಸ್ ಹಾಕಿಕೊಂಡೆ ಎಂದುಕೊಳ್ಳಿ, ಬಿಗಿದೆ ಎಂದುಕೊಳ್ಳಿ, ರಕ್ತ ನಿಂತಿತು ಎಂದುಕೊಳ್ಳಿ ಎನ್ನುತ್ತಾನೆ. ಕಲಿಸುವವನೂ ತಲೆಯಾಡಿಸುತ್ತಾನೆ. ಹಾಗೆ ಕಲಿತ ಕೈ ಖಂಡಿತ ಕೈಕೊಡುತ್ತದೆ. ನಿಮ್ಮ ಅನುಮಾನ ಅಂಥ ತರಬೇತಿಯ ಬಗ್ಗೆಯಾದರೆ ನಾನು ನಿಮ್ಮ ಪಕ್ಕ ನಿಲ್ಲುತ್ತೇನೆ.

ನಮ್ಮ ಮನೆಯ ಕಾಫಿ ಕಣದಲ್ಲಿ ತಿಂಗಳಿಗೊಮ್ಮೆ ತೋಟದ ರೈಟರುಗಳಿಗೆ, ಜೀಪು ಓಡಿಸುವವರಿಗೆ, ಕಾರ್ಮಿಕರ ಲೈನ್‌ಮನೆಯ ಹುಡುಗ ಹುಡುಗಿಯರಿಗೆ ರಕ್ತ ನಿಲ್ಲಿಸುವುದನ್ನು ಕಲಿಸುತ್ತೇನೆ. ಇಲ್ಲಿ ಯುದ್ಧವಿಲ್ಲ. ಆದರೆ ಸಿಲ್ವರ್ ಓಕ್ ಮರದಿಂದ ಬೀಳುವವರಿದ್ದಾರೆ, ಮರ ಕಪಾತು ಮಾಡುವಾಗ ಗರಗಸ ಜಾರುವುದಿದೆ, ಕೋವಿ ಸಿಡಿಯುವುದಿದೆ, ಆನೆ ಎದುರಾಗುವುದಿದೆ. ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್. ನಮ್ಮ ಗೊಂಬೆ ಎಂದರೆ ಹಳೆಯ ಹಾಸಿಗೆಯಿಂದ ಕತ್ತರಿಸಿದ ದಪ್ಪ ಸ್ಪಂಜಿನ ತುಂಡು. ಅದರಲ್ಲಿ ಒಂದು ಆಳವಾದ ಕೊರೆತ, ಅದರ ತಳಕ್ಕೆ ಗ್ಲೂಕೋಸ್ ಬಾಟಲಿಯ ಕೊಳವೆ, ಬಾಟಲಿಯಲ್ಲಿ ಕೆಂಪು ಬಣ್ಣದ ನೀರು. ಒಬ್ಬರು ಬಾಟಲಿಯನ್ನು ನಾಡಿಯ ಲಯದಲ್ಲಿ ಹಿಸುಕುತ್ತಿರುತ್ತಾರೆ.

ಕಳೆದ ಬಾರಿ ಪಿಕಪ್ ಓಡಿಸುವ ಒಬ್ಬ ಹುಡುಗ ಬಂದಿದ್ದ. ಬಟ್ಟೆಯ ಮುದ್ದೆಯನ್ನು ಗಾಯದ ಬಾಯಿಗೆ ಇಟ್ಟು ಒತ್ತಿದ. ನೀರು ಬೆರಳುಗಳ ನಡುವೆ ಉಕ್ಕಿತು. ಇನ್ನಷ್ಟು ಬಟ್ಟೆ ಇಟ್ಟ, ಮತ್ತೆ ಉಕ್ಕಿತು. ಎರಡನೆಯ ಸಲ ಒಂದು ಬೆರಳಿನಿಂದ ತಳ ಹುಡುಕಿ, ಬಟ್ಟೆಯನ್ನು ಅಲ್ಲಿಂದಲೇ ತುರುಕುತ್ತಾ ಬಂದ. ರಕ್ತ ನಿಂತಿತು. ಅರ್ಧ ನಿಮಿಷಕ್ಕೆ ಅವನಿಗೆ ತಡೆಯಲಾಗಲಿಲ್ಲ, ನಿಂತಿತೇ ಎಂದು ನೋಡಲು ಕೈ ಎತ್ತಿದ. ಮತ್ತೆ ಹರಿಯಿತು. ಎಲ್ಲರೂ ಮಾಡುವ ತಪ್ಪು ಇದೇ. ನೋಡುವ ಆಸೆ. ಮೂರನೆಯ ಸಲ, ನಾಲ್ಕನೆಯ ಸಲ. ಐದನೆಯ ಸಲಕ್ಕೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ನೇರ ಮಾಡಿ, ಮೈಯ ಭಾರವನ್ನೆಲ್ಲ ಹಾಕಿ ಕೂತ. ಹತ್ತು ನಿಮಿಷ ಕಣ್ಣೆತ್ತಲಿಲ್ಲ. ಔಷಧ ಸವರಿದ ವಿಶೇಷ ಗಾಜ್ ಬಟ್ಟೆ ಇದ್ದರೆ ಮೂರು ನಿಮಿಷ ಸಾಕು, ಬರೀ ಬಟ್ಟೆಯಾದರೆ ಇಷ್ಟು ಹೊತ್ತು ಬೇಕು. ಅವನ ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಆ ಐದು ಸಲವನ್ನು ಒಂದು ಹಂದಿ ಅವನಿಗೆ ಕೊಡುತ್ತಿರಲಿಲ್ಲ.

(ಟೂರ್ನಿಕೆಟ್ ಕಲಿತವರಿಗೆ ಒಂದು ಎಚ್ಚರಿಕೆ: ಹಾವು ಕಚ್ಚಿದರೆ ಅದನ್ನು ಬಳಸಕೂಡದು, ಹಗ್ಗವನ್ನೂ ಬಿಗಿಯಬಾರದು. ಕಚ್ಚಿದ ಭಾಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ತೋಟಗಳಲ್ಲಿ ಈ ಎರಡನ್ನೂ ಕಲೆಸಿಬಿಡುತ್ತಾರೆ.)

ಈಗ ಕಯ್ಲ್ ಪೊಳ್ದ್‌ನ ಹಂದಿ. ಪ್ರಾಮಾಣಿಕವಾಗಿ ಕೇಳಿದ್ದೀರಿ, ಹಾಗೆಯೇ ಉತ್ತರಿಸುತ್ತೇನೆ. ನಮ್ಮ ಮನೆಯಲ್ಲೂ ಆ ದಿನ ಕೋವಿ, ಕತ್ತಿಗಳಿಗೆ ತೋಕ್‌ಪೂ ಎಂಬ ಹೂವಿಟ್ಟು, ಅಕ್ಕಿಯ ಕಡಂಬುಟ್ಟಿನ ಜೊತೆ ಹಂದಿ ಮಾಂಸ ಬಡಿಸುತ್ತೇವೆ. ಹಂದಿ ತಿನ್ನುವವನಿಗೆ ಹಂದಿಯ ಬಗ್ಗೆ ಮಾತಾಡುವ ಹಕ್ಕಿಲ್ಲ ಎಂದು ನಾನು ಒಪ್ಪುವುದಿಲ್ಲ. ಬೇಟೆಗೆ ಹೋಗುತ್ತಿದ್ದ ನಮ್ಮ ಹಿರಿಯರು ಗಾಯಗೊಂಡ ಪ್ರಾಣಿಯನ್ನು ಹಾಗೇ ಬಿಟ್ಟು ಬರುವುದನ್ನು ಹೀನವೆಂದು ತಿಳಿದಿದ್ದರು. ರಾತ್ರಿಯಾದರೂ ಜಾಡು ಹಿಡಿದು ಹೋಗುತ್ತಿದ್ದರು. ಕೊಲ್ಲುವವನಿಗೂ ಒಂದು ಮಿತಿ ಗೊತ್ತಿರಬೇಕು ಎಂಬುದು ಅವರ ನಡೆಯಲ್ಲೇ ಇತ್ತು. ಯೋಧನನ್ನು ಉಳಿಸಲು ಬೇರೆ ದಾರಿಯೇ ಇಲ್ಲದಿದ್ದರೆ ನಾನು ನಿಮ್ಮ ಮಾತಿಗೆ ತಲೆಬಾಗುತ್ತಿದ್ದೆ. ಬೇರೆ ದಾರಿ ಇದೆ, ಅದು ಯೋಧನಿಗೇ ಹೆಚ್ಚು ಒಳ್ಳೆಯದು. ಹಾಗಿರುವಾಗ ಆ ಪ್ರಾಣಿಯ ಕಾಲು ಕತ್ತರಿಸುವುದು ಯಾರ ಉಪಯೋಗಕ್ಕೆ?

ಊಟಕ್ಕಾಗಿ ಕೊಂದ ಪ್ರಾಣಿಯ ಅಂಗಗಳನ್ನು ಕಲಿಕೆಗೆ ಬಳಸುವುದರಲ್ಲಿ ನನಗೆ ಯಾವ ತೊಡಕೂ ಕಾಣುವುದಿಲ್ಲ. ಮಾಂಸದಂಗಡಿಯಲ್ಲಿ ಎಸೆದುಬಿಡುವ ಕುರಿಯ ಗಂಟಲು ತಂದು ಕೊಳವೆ ತೂರಿಸುವುದನ್ನು ಕಲಿಸುತ್ತಾರೆ. ಹಂದಿಯ ಪಕ್ಕೆಲುಬಿನ ತುಂಡಿನ ಮೇಲೆ ಎದೆಗೆ ಕೊಳವೆ ಹಾಕುವುದನ್ನು, ಕೋಳಿಯ ಕಾಲಿನ ಮೂಳೆಯ ಮೇಲೆ ಮೂಳೆಯೊಳಕ್ಕೆ ಸೂಜಿ ಇಳಿಸುವುದನ್ನು ಕಲಿಸುತ್ತಾರೆ. ಚರ್ಮ ಸೀಳುವಾಗ ಬ್ಲೇಡಿನ ತುದಿಗೆ ಸಿಗುವ ತಡೆ, ಪೊರೆ ಹರಿದಾಗ ಬೆರಳಿಗೆ ತಿಳಿಯುವ ಸಣ್ಣ ಜರ್ಕು, ಇವನ್ನು ರಬ್ಬರ್ ಇನ್ನೂ ಸರಿಯಾಗಿ ಕೊಡುವುದಿಲ್ಲ. ಮಾಂಸ ಕೊಡುತ್ತದೆ. ಜಾಗ ಹುಡುಕುವುದನ್ನು ಮನುಷ್ಯಾಕಾರದ ಮಾದರಿಯ ಮೇಲೆ, ಕೊಯ್ಯುವ ಹದವನ್ನು ಮಾಂಸದಂಗಡಿಯ ತುಂಡಿನ ಮೇಲೆ, ಧೈರ್ಯವನ್ನು ತುರ್ತು ವಿಭಾಗದಲ್ಲಿ ಕಲಿಯುವುದು ನನ್ನ ಕ್ರಮ. ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ.

ನಿಮ್ಮ ಮೊಮ್ಮಗನಿಗೆ ಲಕ್ನೋದ ಸೇನಾ ವೈದ್ಯಕೀಯ ಕೇಂದ್ರದಲ್ಲಿ ಕಲಿಸುವವರು ಸಿಗುತ್ತಾರೆ. ಅವನಿಗೆ ಒಂದು ಮಾತು ಹೇಳಿ ಕಳಿಸಿ: ತರಗತಿಯಲ್ಲಿ ಸರದಿ ಮುಗಿಯಿತೆಂದು ಹಿಂದೆ ಹೋಗಿ ಕೂರಬಾರದು, ಎಲ್ಲರೂ ಚಹಾಕ್ಕೆ ಹೋದಾಗ ಮಾದರಿಯ ಬಳಿ ಇನ್ನೊಮ್ಮೆ ನಿಲ್ಲಬೇಕು. ಹೊರಡುವ ಮೊದಲು ಒಂದು ಭಾನುವಾರ ಅವನನ್ನು ಕರೆದುಕೊಂಡು ನಮ್ಮ ಕಣಕ್ಕೆ ಬನ್ನಿ. ಬರುವಾಗ ದಾರಿಯ ಮಾಂಸದಂಗಡಿಯಲ್ಲಿ ಎರಡು ಕುರಿ ಗಂಟಲು ಕೇಳಿ ತನ್ನಿ, ನಾಲಿಗೆಯ ಬುಡದಿಂದ ಒಂದು ಗೇಣು ಉದ್ದಕ್ಕೆ ಕತ್ತರಿಸಿ ಕೊಡಲು ಹೇಳಿ. ಹಳೆಯ ಹತ್ತಿ ಪಂಚೆ ಇದ್ದರೆ ಅದನ್ನೂ ತನ್ನಿ, ಗಾಯಕ್ಕೆ ತುರುಕಲು ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಬಾಟಲಿ ಹಿಸುಕಲು ಒಬ್ಬರು ಬೇಕಾಗುತ್ತದೆ. ನೀವೇ ಹಿಸುಕಿ, ಹವಾಲ್ದಾರರೇ. ಅವನು ನಿಲ್ಲಿಸುವವರೆಗೆ ಬಿಡಬೇಡಿ.